ಮಳೆ ಹೊಳವಾದ ಕೂಡಲೇ ನಾಯಿಗೆ ಜ್ವರ. ಉಣುಗಿಗೆ ನೀವೆಲ್ಲ ಏನು ಮಾಡುತ್ತೀರಿ?

ಆಗುಂಬೆರಸ್ತೆ · ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೋಟದ ಮನೆ, ಹಿಂದೆ ಸೊಪ್ಪಿನ ಬೆಟ್ಟ. ನಾಯಿಯನ್ನು ಕಟ್ಟುವ ಪದ್ಧತಿ ಇಲ್ಲ. ಹಗಲು ಮಂಗ ಓಡಿಸಬೇಕು, ರಾತ್ರಿ ಹಂದಿ ಬಂದರೆ ಕೂಗಬೇಕು. ಹೋದ ವರ್ಷ ಇದೇ ಹೊತ್ತಿಗೆ ಕೆಂಚ ಹೋದ. ನಾಲ್ಕು ವರ್ಷದ ಗಟ್ಟಿಮುಟ್ಟು ನಾಯಿ. ಮೊದಲು ಜ್ವರ, ಆಮೇಲೆ ಮೂಗಿನಲ್ಲಿ ರಕ್ತ, ಮೂರೇ ದಿನ.

ಈಗ ಜೂಲಿಯ ಸರದಿ ಅನ್ನಿಸುತ್ತಿದೆ. ನಿನ್ನೆಯಿಂದ ಅನ್ನ ಮುಟ್ಟಿಲ್ಲ. ಬಚ್ಚಲು ಒಲೆ ಪಕ್ಕ ಬೂದಿ ಮೇಲೆ ಮಲಗಿದವಳು ಕರೆದರೆ ಬಾಲ ಮಾತ್ರ ಅಲ್ಲಾಡಿಸುತ್ತಾಳೆ. ಕಿವಿ ಒಳಗೆ ನೋಡಿದರೆ ಹರಳು ಬೀಜದ ಹಾಗೆ ಉಣುಗು, ಒಂದರ ಪಕ್ಕ ಒಂದು. ಅಪ್ಪ ಹೇಳುವುದು, "ನಾಯಿ ಅಂದಮೇಲೆ ಉಣುಗು ಇರದೇ ಇರ್ತದಾ?" ಅಂತ.

ಪ್ರಶ್ನೆ ಎರಡು. ಈಗ ತಕ್ಷಣ ಏನು ಮಾಡಲಿ? ತೋಟದಲ್ಲಿ ಬಿಟ್ಟು ಸಾಕುವ ನಾಯಿಯನ್ನು ಉಣುಗಿನಿಂದ ಕಾಪಾಡಲು ಆಗುತ್ತದಾ, ಅಥವಾ ಕಟ್ಟಿಯೇ ಸಾಕಬೇಕಾ?

ಕೊನೆಗೌಡ · ಕೊಪ್ಪ

ಮೊದಲು ಫೋನ್ ಕೆಳಗಿಟ್ಟು ಡಾಕ್ಟ್ರ ಹತ್ತಿರ ಹೋಗಿ ಮಾರಾಯ್ರೆ. ಆಮೇಲೆ ಬಂದು ನಮ್ಮ ಪುರಾಣ ಓದಿ.

ದರಗುಗುಡ್ಡೆ · ಹೊಸನಗರ

ಇಷ್ಟಕ್ಕೆಲ್ಲ ಗಾಬರಿ ಯಾಕೆ? ಹೊಗೆಸೊಪ್ಪು ನೆನೆಹಾಕಿದ ನೀರಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಮೈಗೆ ಹಚ್ಚಿ. ಮಾರನೇ ದಿನ ಒಂದು ಉಣುಗು ಇರಲ್ಲ. ನಮ್ಮಜ್ಜನ ಕಾಲದಿಂದ ಇದೇ. ಮಜ್ಜಿಗೆ ಅನ್ನ ತಿಂದು ನಮ್ಮ ಮನೆ ನಾಯಿ 14 ವರ್ಷ ಬದುಕಿತ್ತು. ಆಗ ಯಾವ ಮಾತ್ರೆ ಇತ್ತು, ಯಾವ ಇಂಜೆಕ್ಷನ್ ಇತ್ತು?

ಪಶುಕಾಲೇಜು_ಮೂರನೇವರ್ಷ · ಶಿವಮೊಗ್ಗ

ದಯವಿಟ್ಟು ಹೊಗೆಸೊಪ್ಪಿನ ನೀರು ಬೇಡ. ಅದರಲ್ಲಿರುವ ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ, ನಾಯಿ ನೆಕ್ಕಿದರಂತೂ ಮುಗಿಯಿತು. ವಾಂತಿ, ನಡುಕ, ಫಿಟ್ಸ್ ಬರಬಹುದು. ಜ್ವರದಲ್ಲಿ ಮಲಗಿರುವ ನಾಯಿಗೆ ಇದೊಂದು ಸೇರಿದರೆ ಉಣುಗಿಗಿಂತ ಮೊದಲು ಔಷಧಿಯೇ ಕೊಲ್ಲುತ್ತದೆ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಕರ್ಪೂರ ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಕರ್ಪೂರವೂ ಹೊಟ್ಟೆಗೆ ಹೋದರೆ ವಿಷವೇ.

ದರಗುಗುಡ್ಡೆ

ಕಾಲೇಜಿನಲ್ಲಿ ಪುಸ್ತಕ ಓದಿದವರು ಹೇಳಿದ್ದೇ ಸರಿ ಬಿಡಿ. ನಮ್ಮ 14 ವರ್ಷದ ನಾಯಿ ಸುಳ್ಳು.

ಸುಮಕ್ಕ_ಸಾಗರ

ಸುಳ್ಳಲ್ಲ. ಆದರೆ ನಿಮಗೆ ನೆನಪಿರುವುದು ಬದುಕಿದ ಆ ಒಂದು ನಾಯಿ. ಅದರ ಜೊತೆ ಹುಟ್ಟಿದ ಆರು ಮರಿ ಏನಾದವು ಅಂತ ಯಾರೂ ಬರೆದಿಟ್ಟಿಲ್ಲ. ನಮ್ಮ ಮನೆಯಲ್ಲೂ ಹಾಗೇ. ಸತ್ತ ಮರಿಯನ್ನು ಬಾಳೆ ಬುಡಕ್ಕೆ ಹೂಳುವುದು, "ಗಾಳಿ ತಗುಲಿತು" ಅನ್ನುವುದು.

ನಿವೃತ್ತ_ಗೋಡಾಕ್ಟ್ರು

ನಾನು ಮೂವತ್ತು ವರ್ಷ ಮಲೆನಾಡಿನ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು. ಹೆಚ್ಚು ಹೊತ್ತು ಕೈ ಹಾಕಿದ್ದು ದನಗಳಿಗೆ, ಆದರೆ ನಾಯಿ ನೋಡದ ದಿನ ಇಲ್ಲ.

ಆಗುಂಬೆರಸ್ತೆಯವರೇ, ಮೂರು ಕೆಲಸ ಈಗಲೇ ಮಾಡಿ. ತುಟಿ ಮೇಲಕ್ಕೆತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಸುಣ್ಣದ ಗೋಡೆ ಹಾಗೆ ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ ಅಂತ ಅರ್ಥ. ಹೊಟ್ಟೆ ಅಡಿ ಕೂದಲಿಲ್ಲದ ಜಾಗದಲ್ಲಿ ಕೆಂಪು ಚುಕ್ಕೆ ಇವೆಯಾ ನೋಡಿ. ಮೂರನೆಯದು ಮೂತ್ರದ ಬಣ್ಣ. ಕಾಫಿ ಡಿಕಾಕ್ಷನ್ ಹಾಗಿದ್ದರೆ ಒಂದು ಗಂಟೆಯೂ ಕಾಯಬೇಡಿ.

ಮೂಗು ಒಣಗಿದೆ, ಮೈ ಬಿಸಿ ಇದೆ ಅನ್ನುವುದೆಲ್ಲ ಲೆಕ್ಕಕ್ಕಿಲ್ಲ. ನಾಯಿಯ ಮೈ ನಮಗಿಂತ ಬಿಸಿಯೇ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಥರ್ಮಾಮೀಟರ್ ತುದಿಗೆ ಎಣ್ಣೆ ಹಚ್ಚಿ ಗುದದಲ್ಲಿಟ್ಟು ನೋಡಬೇಕು. ಆ ಥರ್ಮಾಮೀಟರ್ ನಾಯಿಗೇ ಮೀಸಲಿಡಿ, ಹೇಳಿದ್ದೇನೆ!

ಇನ್ನೊಂದು. ಜ್ವರ ಅಂತ ಮನೆಯಲ್ಲಿರುವ ಡೋಲೋ, ಪ್ಯಾರಸಿಟಮಾಲ್, ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಮೊದಲೇ ಇಳಿದಿರುವ ನಾಯಿಗೆ ಅದೇ ಕೊನೆ ತುತ್ತು.

ಕೆಂಚನಿಗೆ ಏನು ಔಷಧಿ ಕೊಟ್ಟಿದ್ದಿರಿ, ಎಷ್ಟು ದಿನ?

ಆಗುಂಬೆರಸ್ತೆ

ವಸಡು ಸ್ವಲ್ಪ ಬಿಳಿಚಿದೆ ಡಾಕ್ಟ್ರೇ. ಚುಕ್ಕೆ ಕಾಣಲಿಲ್ಲ. ಮೂತ್ರ ನೋಡಿಲ್ಲ, ಎದ್ದೇ ಇಲ್ಲ. ತಮ್ಮ ಜೀಪು ತರಲು ಹೋಗಿದ್ದಾನೆ.

ಕೆಂಚನ ವಿಷಯ ಹೇಳಲು ಬೇಜಾರು. ಮೂಗಿನಲ್ಲಿ ರಕ್ತ ಬರುವ ಎರಡು ತಿಂಗಳ ಮುಂಚೆ ಅವನಿಗೆ ಒಂದು ಸಲ ಜ್ವರ ಬಂದಿತ್ತು. ಹಳದಿ ಮಾತ್ರೆ 28 ದಿನ ಅಂತ ಬರೆದುಕೊಟ್ಟಿದ್ದರು. ಐದನೇ ದಿನಕ್ಕೆ ಎದ್ದು ಮಂಗದ ಹಿಂದೆ ಓಡಿದ. ಹುಷಾರಾದ ಅಂತ ನಾವೇ ನಿಲ್ಲಿಸಿದೆವು. ಉಳಿದ ಮಾತ್ರೆ ಇನ್ನೂ ಕಪಾಟಿನಲ್ಲಿದೆ. ಆಮೇಲೆ ರಕ್ತ ಬಂದಾಗ ಅಪ್ಪ ಉಂಬಳ (ಜಿಗಣೆ) ಹೊಕ್ಕಿದೆ ಅಂತ ಮೂಗಿಗೆ ಉಪ್ಪು ನೀರು ಬಿಟ್ಟರು. ಎರಡು ದಿನ ಅದರಲ್ಲೇ ಹೋಯಿತು.

ನಿವೃತ್ತ_ಗೋಡಾಕ್ಟ್ರು

ನೀವೊಬ್ಬರೇ ಅಲ್ಲ. ಹತ್ತರಲ್ಲಿ ಆರು ಜನ ಹೀಗೇ ಮಾಡುತ್ತಾರೆ ಅಂತ ನನ್ನ ಅಂದಾಜು. ಆ ರೋಗದ ಹೆಸರು ಎರ್ಲಿಕಿಯಾ. ಉಣುಗು ಕಚ್ಚಿದಾಗ ರಕ್ತದ ಬಿಳಿ ಕಣದೊಳಗೆ ಸೇರುತ್ತದೆ. ಮಾತ್ರೆ ಶುರು ಮಾಡಿದರೆ ಎರಡು ಮೂರು ದಿನದಲ್ಲಿ ನಾಯಿ ಗೆಲುವಾಗುತ್ತದೆ. ರೋಗ ಹೋಗಿರುವುದಿಲ್ಲ, ಅಡಗಿರುತ್ತದೆ. ಆಮೇಲೆ ಅಸ್ಥಿಮಜ್ಜೆಗೇ ಹೊಡೆತ ಬಿದ್ದರೆ ಉಳಿಸುವುದು ಕಷ್ಟ. ಅದಕ್ಕೇ ಡಾಕ್ಸಿಸೈಕ್ಲಿನ್ 28 ದಿನ. ಖಾಲಿ ಹೊಟ್ಟೆಗೆ ಕೊಡಬೇಡಿ, ವಾಂತಿ ಮಾಡುತ್ತದೆ.

ಕಾಫಿ ಬಣ್ಣದ ಮೂತ್ರ ಅಂದೆನಲ್ಲ, ಅದು ಬೇರೆ ರೋಗ, ಬಬೇಸಿಯಾ. ಅದೂ ಉಣುಗಿನಿಂದಲೇ ಬರುವುದು. ಆದರೆ ಅಲ್ಲಿ ಒಡೆಯುವುದು ಕೆಂಪು ಕಣ, ಔಷಧಿಯೂ ಬೇರೆ. ಕೆಲವು ನಾಯಿಗೆ ಎರಡೂ ಒಟ್ಟಿಗೇ ಇರುತ್ತವೆ. ಅದಕ್ಕೇ ರಕ್ತ ಪರೀಕ್ಷೆ ಮಾಡಿಸದೆ ಔಷಧಿ ಅಂಗಡಿಯವನು ಕೊಟ್ಟಿದ್ದನ್ನು ತಂದು ಹಾಕಬೇಡಿ. ಕಿವಿ ತುದಿಯಿಂದ ಒಂದು ಹನಿ ರಕ್ತ, ಗಾಜಿನ ಮೇಲೆ ಎಳೆದು ನೋಡಿದರೆ ಎಷ್ಟೋ ಸಲ ಗೊತ್ತಾಗುತ್ತದೆ. ಪ್ಲೇಟ್‌ಲೆಟ್ ಎಣಿಕೆಯನ್ನೂ ಕೇಳಿ.

ಉಂಬಳಕ್ಕೆಉಪ್ಪು · ಆಗುಂಬೆ

ಉಂಬಳದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಅವರ ಅಪ್ಪ ಹಾಗೆ ತಿಳಿದದ್ದು ಪೂರ್ತಿ ತಪ್ಪೇನಲ್ಲ. ನಮ್ಮ ಕಡೆ ಮೂಗಿಗೆ ಉಂಬಳ ಹೊಗುವುದು ನಿಜ. ಹಳ್ಳದಲ್ಲಿ ನೀರು ಕುಡಿಯುವಾಗ ದಾರದಷ್ಟು ಸಣ್ಣದು ಒಳಗೆ ಹೋಗಿ, ಅಲ್ಲೇ ರಕ್ತ ಕುಡಿದು ಬೆರಳಿನಷ್ಟು ದಪ್ಪ ಆಗುತ್ತದೆ.

ನಮ್ಮ ನಾಯಿಗೆ ಹೋದ ಪುಷ್ಯ ಮಳೆಯಲ್ಲಿ ಹೀಗಾಗಿತ್ತು. ವಾರವಿಡೀ ಸೀನು, ಒಂದೇ ಹೊಳ್ಳೆಯಿಂದ ರಕ್ತ, ಮುಂಗಾಲಲ್ಲಿ ಮೂಗು ಉಜ್ಜುವುದು. ಊಟ ಮಾತ್ರ ಚೆನ್ನಾಗಿ ಮಾಡುತ್ತಿತ್ತು. ಅಮ್ಮ ಬೆಳಗಿನಿಂದ ನೀರು ಕೊಡಲಿಲ್ಲ. ಮಧ್ಯಾಹ್ನ ಬಾವಿಯಿಂದ ಸೇದಿದ ತಣ್ಣನೆ ನೀರನ್ನು ಕಂಚಿನ ತಟ್ಟೆಯಲ್ಲಿ ಮೂಗಿನ ಹತ್ತಿರ ಹಿಡಿದಳು, ಕುಡಿಯಲು ಬಿಡದ ಹಾಗೆ. ನಾನು ಕತ್ತು ಹಿಡಿದಿದ್ದೆ. ಸ್ವಲ್ಪ ಹೊತ್ತಿಗೆ ಹೊಳ್ಳೆಯಿಂದ ಕಪ್ಪಗೆ ಏನೋ ಇಣುಕಿತು. ಒಳಗೆ ಹೋಯಿತು. ಮತ್ತೆ ಇಣುಕಿತು. ಅಮ್ಮ ಹತ್ತಿ ಬಟ್ಟೆ ಸುತ್ತಿದ ಬೆರಳಲ್ಲಿ ಗಪ್ಪನೆ ಹಿಡಿದು ನಿಧಾನಕ್ಕೆ ಎಳೆದಳು. ಬಂತು ಮಾರಾಯ್ರೆ, ಜಿಗಣೆ ಅಂದರೆ ಜಿಗಣೆ. ಆ ಬಟ್ಟೆ ಇಲ್ಲದಿದ್ದರೆ ಜಾರಿ ಹೋಗುತ್ತಿತ್ತು.

ಪಶುಕಾಲೇಜು_ಮೂರನೇವರ್ಷ

ಇದು ಒಳ್ಳೆಯ ಉಪಾಯ, ಔಷಧಿಯೇ ಬೇಕಿಲ್ಲ. ಬರದಿದ್ದರೆ ಕಡ್ಡಿ ಹಾಕಿ ಕೆದಕಬೇಡಿ, ನಮ್ಮಲ್ಲಿ ಮಂಪರು ಕೊಟ್ಟು ಚಿಮಟದಲ್ಲಿ ತೆಗೆಯುತ್ತಾರೆ.

ವ್ಯತ್ಯಾಸ ನೀವೇ ಹೇಳಿದ್ದೀರಿ ನೋಡಿ. ಸೀನು, ಒಂದೇ ಹೊಳ್ಳೆ, ಹಸಿವು ಚೆನ್ನಾಗಿದೆ ಅಂದರೆ ಉಂಬಳ ಇರಬಹುದು. ಜ್ವರ, ಊಟ ಬಿಟ್ಟಿದೆ, ಬಿಳಿಚಿದ ವಸಡು, ಜೊತೆಗೆ ರಕ್ತ ಅಂದರೆ ಉಣುಗು ಜ್ವರದ ಅನುಮಾನ ಮೊದಲು ಬರಬೇಕು.

ದರಗುಗುಡ್ಡೆ

ನೋಡಿದಿರಾ? ಹಳೇ ಕಾಲದವರಿಗೂ ಸ್ವಲ್ಪ ಬುದ್ಧಿ ಇತ್ತು.

ಸುಮಕ್ಕ_ಸಾಗರ

ಇತ್ತು ಭಾವ. ನೀರಿನ ಬುದ್ಧಿ ಸರಿ, ಹೊಗೆಸೊಪ್ಪಿನ ಬುದ್ಧಿ ಬೇಡ.

ವಿನೋಬನಗರದ_ಲ್ಯಾಬ್

ಸಿಟಿಯಲ್ಲಿರುವವರಿಗೂ ಈ ಕಾಟ ತಪ್ಪಿಲ್ಲ. ನಮ್ಮ ಲ್ಯಾಬ್ರಡಾರ್ ಕಾಡು ನೋಡಿಯೇ ಇಲ್ಲ, ಆದರೂ ಉಣುಗು. ತಿಂಗಳಿಗೊಂದು ಮಾತ್ರೆ ಕೊಡುತ್ತೇನೆ, ಆದರೂ ಗೋಡೆ ಮೇಲೆ ಹರಿದಾಡುತ್ತವೆ. ಮಾತ್ರೆಯೇ ನಕಲಿ ಇರಬಹುದಾ?

ನಿವೃತ್ತ_ಗೋಡಾಕ್ಟ್ರು

ಮಾತ್ರೆ ಸರಿಯೇ ಇರಬಹುದು. ಮನೆ ನೋಡಿ. ಕಂದು ಬಣ್ಣದ ನಾಯಿ ಉಣುಗಿಗೆ ಕಾಡೇ ಬೇಕಿಲ್ಲ, ಮನೆಯೊಳಗೇ ಸಂಸಾರ ಮಾಡುತ್ತದೆ. ಹೆಣ್ಣು ಉಣುಗು ಹೊಟ್ಟೆ ತುಂಬ ರಕ್ತ ಕುಡಿದು ಉದುರಿ, ಗೋಡೆ ಬಿರುಕಿನಲ್ಲೋ ಬಾಗಿಲ ಸಂದಿನಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೆ ಮೇಲಕ್ಕೆ ಹತ್ತುವ ಅಭ್ಯಾಸ ಬೇರೆ. ಒಂದು ಮನೆಯಲ್ಲಿ ನಾಯಿಗೆ ಎಲ್ಲ ಮಾಡಿದರೂ ಹೋಗುತ್ತಿರಲಿಲ್ಲ. ಕೊನೆಗೆ ನೋಡಿದರೆ ನಾಯಿ ಮಲಗುವ ಜಾಗದ ನೇರ ಮೇಲೆ, ಮಾಡಿನ ಪಕಾಸಿಯ ಸಂದಿನಲ್ಲಿ ಗುಂಪು ಗುಂಪು.

ನಾಯಿ ಮಲಗುವ ಗೋಣಿಚೀಲ ವಾರಕ್ಕೊಮ್ಮೆ ಬದಲಿಸಿ. ಹಳೆಯದನ್ನು ಕುದಿಯುವ ನೀರಿಗೆ ಹಾಕಿ ಅಥವಾ ಸುಟ್ಟುಬಿಡಿ. ಬಿರುಕುಗಳನ್ನು ಗಾರೆ ಹಾಕಿ ಮುಚ್ಚಿ. ಮನೆಯಲ್ಲಿ ಮೂರು ನಾಯಿ ಇದ್ದರೆ ಮೂರಕ್ಕೂ ಒಂದೇ ದಿನ ಔಷಧಿ. ಒಂದಕ್ಕೆ ಮಾತ್ರ ಕೊಟ್ಟರೆ ಉಳಿದೆರಡು ಉಣುಗು ಸಾಕುತ್ತವೆ.

ಕೊನೆಗೌಡ

ನಾವು ದನಕ್ಕೆ ಹೊಡೆಯುವ ಉಣುಗಿನ ಔಷಧಿ ಬ್ಯೂಟಾಕ್ಸನ್ನೇ ನೀರಿಗೆ ಹಾಕಿ ನಾಯಿಗೂ ಸ್ನಾನ ಮಾಡಿಸುತ್ತೇವೆ. ಏನೂ ಆಗಿಲ್ಲ. ಐವರ್‌ಮೆಕ್ಟಿನ್ ಇಂಜೆಕ್ಷನ್ ಕೂಡ ದನದ್ದೇ.

ಪಶುಕಾಲೇಜು_ಮೂರನೇವರ್ಷ

ಏನೂ ಆಗದ್ದು ನಿಮ್ಮ ಅದೃಷ್ಟ. ದನದ ಔಷಧಿಯ ಅಳತೆ ನಾನೂರು ಕೆಜಿ ಪ್ರಾಣಿಗೆ. ಹತ್ತು ಕೆಜಿ ನಾಯಿಗೆ ಕಣ್ಣಂದಾಜಿನಲ್ಲಿ ಬೆರೆಸಿದರೆ ಒಂದು ಮುಚ್ಚಳ ಜಾಸ್ತಿಯಾದರೂ ಕಷ್ಟ. ಕೋಲಿ ಜಾತಿಯ ಬಹಳಷ್ಟು ನಾಯಿಗಳಿಗೆ ಹುಟ್ಟಿನಿಂದಲೇ ಒಂದು ದೋಷ ಇರುತ್ತದೆ, ಐವರ್‌ಮೆಕ್ಟಿನ್ ನೇರ ಮೆದುಳಿಗೆ ಹೋಗುತ್ತದೆ. ಕೆಲವು ಜರ್ಮನ್ ಶೆಫರ್ಡ್‌ಗಳಲ್ಲೂ ಇದೆ. ಕಾಲು ಸೋತು, ಕಣ್ಣು ಕಾಣದೆ, ಎಚ್ಚರ ತಪ್ಪಿದ ನಾಯಿಯನ್ನು ಹೊತ್ತು ತರುತ್ತಾರೆ. ಮನೆಯಲ್ಲಿ ಬೆಕ್ಕಿದ್ದರೆ ಬ್ಯೂಟಾಕ್ಸ್ ಸ್ನಾನದ ನಾಯಿ ಹತ್ತಿರವೂ ಬಿಡಬೇಡಿ. ಆ ಗುಂಪಿನ ಔಷಧಿ ಬೆಕ್ಕಿಗೆ ವಿಷ.

ಕೊನೆಗೌಡ

ಬೆಕ್ಕು ಮೂರಿವೆ. ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ತಮ್ಮ.

ಕ್ಯಾಸನೂರಿನ_ಹತ್ತಿರ · ಸೊರಬ

ಉಣುಗು ಅಂದರೆ ನಮಗೆ ನೆನಪಾಗುವುದೇ ಬೇರೆ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಾಯಿ ಕಾಡಿಗೆ ಹೋಗಿ ಬಂದು ಜಗುಲಿ ಮೇಲೆ ಮಕ್ಕಳ ಜೊತೆ ಮಲಗುತ್ತದೆ. ನಾಯಿಯಿಂದ ನಮಗೆ ಬರುವುದಿಲ್ಲವಾ?

ನಿವೃತ್ತ_ಗೋಡಾಕ್ಟ್ರು

ಒಳ್ಳೆಯ ಪ್ರಶ್ನೆ. ನಾಯಿಯಿಂದ ನೇರವಾಗಿ ಬರುವುದಿಲ್ಲ. ಮಂಗನ ಕಾಯಿಲೆಯ ಉಣುಗು ಕಾಡಿನದು, ಜಾತಿಯೇ ಬೇರೆ. ಮನೆ ನಾಯಿಯ ಉಣುಗು ಬೇರೆ. ಆದರೆ ಕಾಡು ಸುತ್ತಿದ ನಾಯಿ ಆ ಉಣುಗನ್ನೂ ಮೈಮೇಲೆ ಹೊತ್ತು ತರಬಹುದು. ನವೆಂಬರ್‌ನಿಂದ ಮೇ ತನಕ ಮರಿ ಉಣುಗಿನ ಕಾಲ. ಎಳ್ಳು ಕಾಳಿನಷ್ಟು ಸಣ್ಣದು, ಕಣ್ಣಿಗೇ ಬೀಳುವುದಿಲ್ಲ. ಆ ತಿಂಗಳುಗಳಲ್ಲಿ ಮಂಗ ಸತ್ತು ಬಿದ್ದ ಸುದ್ದಿ ಬಂದ ಕಡೆಗೆ ನಾಯಿಯನ್ನೂ ಬಿಡಬೇಡಿ, ನೀವೂ ಹೋಗಬೇಡಿ. ಆರೋಗ್ಯ ಇಲಾಖೆಯವರಿಗೆ ತಿಳಿಸಿ. ನಿಮಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟ್ರಿಗೆ ಮರೆಯದೆ ಹೇಳಿ.

ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆಯರು ಕೊಡುವ ಡೇಪಾ ಎಣ್ಣೆ ಮನುಷ್ಯರಿಗೆ. ನಾಯಿಗೆ ಹಚ್ಚಬೇಡಿ, ನೆಕ್ಕುತ್ತದೆ.

ಉಂಬಳಕ್ಕೆಉಪ್ಪು

ಉಣುಗು ಕೀಳುವಾಗ ಉಗುರಲ್ಲಿ ಕುಕ್ಕುವವರು ಕೈ ಎತ್ತಿ. ನಾನೂ ಎತ್ತಿದ್ದೇನೆ.

ಪಶುಕಾಲೇಜು_ಮೂರನೇವರ್ಷ

ಇಳಿಸಿ! ಉಣುಗಿನ ರಕ್ತ ಕೈಗೆ ತಾಗಬಾರದು. ಕೂದಲು ಸರಿಸಿ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ, ತಲೆ ಕಡೆ ಹಿಡಿದು, ತಿರುಚದೆ ನೇರ ಎಳೆಯಿರಿ. ಹೊಟ್ಟೆ ಹಿಸುಕಬೇಡಿ, ಊದುಬತ್ತಿ ಮುಟ್ಟಿಸಬೇಡಿ. ಕಿತ್ತದ್ದನ್ನು ಸೋಪಿನ ನೀರಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ. ಒಲೆಗೆ ಹಾಕಿದರೆ ಪಟ್ ಅಂತ ಸಿಡಿಯುತ್ತದೆ, ಗೊತ್ತಿರಬೇಕಲ್ಲ.

ಹುಡುಕಬೇಕಾದ ಜಾಗ ಕಿವಿ ಒಳಗೆ, ಪಟ್ಟಿಯ ಅಡಿ, ಕಂಕುಳು, ಬಾಲದ ಬುಡ. ಎಲ್ಲರೂ ಮರೆಯುವುದು ಬೆರಳ ಸಂದಿ.

ಸುಮಕ್ಕ_ಸಾಗರ

ಉಣುಗಿನ ಗಲಾಟೆಯಲ್ಲಿ ಇನ್ನೆರಡು ದೊಡ್ಡದನ್ನು ಮರೆಯಬೇಡಿ. ಪಾರ್ವೊ (ಮರಿಗಳ ವಾಂತಿ ಬೇಧಿ ರೋಗ) ಮತ್ತೆ ಹುಚ್ಚು ರೋಗ. ನಾನು ನಮ್ಮ ಬೀದಿಯ ಹತ್ತು ಹನ್ನೆರಡು ನಾಯಿಗೆ ಅನ್ನ ಹಾಕುವವಳು. ಎರಡು ವರ್ಷದ ಹಿಂದೆ ಒಂದೇ ವಾರದಲ್ಲಿ ಐದು ಮರಿ ಹೋದವು. ವಾಂತಿ, ರಕ್ತ ಬೇಧಿ. ಆ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಬೇಜಾರಾಗಿ ಅದೇ ತಿಂಗಳು ಇನ್ನೊಂದು ಮರಿ ತಂದೆ. ಅದೂ ಹೋಯಿತು. ದಿನಾ ಫಿನಾಯಿಲ್ ಹಾಕಿ ತೊಳೆದಿದ್ದೆ.

ನಿವೃತ್ತ_ಗೋಡಾಕ್ಟ್ರು

ಫಿನಾಯಿಲ್‌ಗೆ ಪಾರ್ವೊ ಜಗ್ಗುವುದಿಲ್ಲ ಸುಮಕ್ಕ. ಬ್ಲೀಚಿಂಗ್ ಪೌಡರ್ ನೀರು ಬೇಕು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮರಿ ಸತ್ತ ಅಂಗಳಕ್ಕೆ ಲಸಿಕೆ ಪೂರ್ತಿಯಾಗದ ಹೊಸ ಮರಿ ತರಲೇಬಾರದು.

ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ. ಜನ ಒಂದು ಹಾಕಿಸಿ "ಆಯ್ತಲ್ಲ" ಅನ್ನುತ್ತಾರೆ. ತಾಯಿ ಹಾಲಿನಿಂದ ಬಂದ ಶಕ್ತಿ ಮೊದಲ ಲಸಿಕೆಯನ್ನು ಕೆಲಸ ಮಾಡಲು ಬಿಡದೇ ಇರಬಹುದು, ಅದಕ್ಕೇ ಮತ್ತೆ ಮತ್ತೆ. ಮೂರು ತಿಂಗಳಿಗೆ ಹುಚ್ಚು ರೋಗದ್ದು, ಆಮೇಲೆ ವರ್ಷಕ್ಕೊಮ್ಮೆ. ಮಲೆನಾಡಿನವರು ಇಲಿ ಜ್ವರದ ಲಸಿಕೆ ಸೇರಿರುವುದನ್ನೇ ಕೇಳಿ ಹಾಕಿಸಿ. ಗದ್ದೆ ನೀರು, ಇಲಿ ಮೂತ್ರ, ನಾಯಿ ಅದನ್ನೇ ಕುಡಿಯುವುದು. ಅದು ಮನುಷ್ಯರಿಗೂ ಬರುವ ರೋಗ.

ಕ್ಯಾಸನೂರಿನ_ಹತ್ತಿರ

ಹುಚ್ಚು ನಾಯಿ ಅಂದರೆ ಕಚ್ಚಲು ಬರುತ್ತದಲ್ವಾ, ದೂರದಿಂದಲೇ ಗೊತ್ತಾಗುತ್ತದೆ.

ನಿವೃತ್ತ_ಗೋಡಾಕ್ಟ್ರು

ಆ ನಂಬಿಕೆಯೇ ಅಪಾಯ. ಇನ್ನೊಂದು ತರಹ ಇದೆ, ಸುಮ್ಮನಿರುವ ಹುಚ್ಚು. ನಾಯಿ ಮೂಲೆ ಸೇರುತ್ತದೆ, ದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನೀರು ನುಂಗಲು ಆಗುವುದಿಲ್ಲ. ಮನೆಯವರು ಗಂಟಲಿಗೆ ಮೂಳೆ ಸಿಕ್ಕಿದೆ ಅಂತ ಬಾಯೊಳಗೆ ಕೈ ಹಾಕುತ್ತಾರೆ. ನನ್ನ ಹತ್ತಿರ ಹಾಗೆ ಬಂದ ಒಂದು ಕುಟುಂಬದ ನಾಲ್ಕೂ ಜನರನ್ನು ಆವತ್ತೇ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಕಚ್ಚಿರಲಿಲ್ಲ. ಜೊಲ್ಲು ಗಾಯಕ್ಕೆ ತಾಗಿದರೂ ಸಾಕು.

ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಮೆಣಸಿನ ಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ, ಅವರು ಹೇಳಿದ ದಿನಗಳಿಗೆ ಎಲ್ಲ ಡೋಸ್ ಮುಗಿಸಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ. ಸೆಪ್ಟೆಂಬರ್ 28, ರೇಬಿಸ್ ದಿನದ ಆಸುಪಾಸು ಪಶು ಆಸ್ಪತ್ರೆಗಳಲ್ಲಿ ಲಸಿಕೆ ಶಿಬಿರ ಇರುತ್ತದೆ. ಈ ಸಲ ತಪ್ಪಿಸಿಕೊಂಡವರು ಹಾಗೇ ಹೋಗಿ ಕೇಳಿ.

ವಿನೋಬನಗರದ_ಲ್ಯಾಬ್

ಸ್ವಲ್ಪ ಬೇರೆ ವಿಷಯ. ನಮ್ಮವನ ತೂಕ 44 ಕೆಜಿ. ಲ್ಯಾಬ್ ಅಂದರೆ ಹೀಗೇ ಇರಬೇಕು ಅಂತ ಅಮ್ಮ. ಹಳೇ ಜೈಲು ಮೈದಾನದಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಕೂತುಬಿಡುತ್ತಾನೆ.

ಕೊನೆಗೌಡ

ಏನು ಹಾಕುತ್ತೀರಿ ಮಾರಾಯ್ರೆ, ಅಡಿಕೆಗೆ ಹಾಕುವ ಗೊಬ್ಬರವಾ?

ವಿನೋಬನಗರದ_ಲ್ಯಾಬ್

ಬೆಳಿಗ್ಗೆ ಹಾಲು ಬಿಸ್ಕತ್ತು, ಮಧ್ಯಾಹ್ನ ಮೊಸರನ್ನ, ಸಂಜೆ ನಾವು ತಿನ್ನುವ ತಿಂಡಿಯಲ್ಲಿ ಪಾಲು, ರಾತ್ರಿ ಚಿಕನ್ ಅನ್ನ. ಬರೆದ ಮೇಲೆ ನನಗೇ ಗೊತ್ತಾಗುತ್ತಿದೆ.

ಪಶುಕಾಲೇಜು_ಮೂರನೇವರ್ಷ

ಒಂದು ಸುಲಭ ಪರೀಕ್ಷೆ. ನಿಮ್ಮ ಅಂಗೈ ಚಾಚಿ ಹಿಂಭಾಗದ ಮೂಳೆ ಮುಟ್ಟಿ ನೋಡಿ. ನಾಯಿಯ ಪಕ್ಕೆಲುಬು ಕೈಗೆ ಹಾಗೆ ಸಿಗಬೇಕು. ಮುಷ್ಟಿ ಕಟ್ಟಿದಾಗ ಗೆಣ್ಣು ಸಿಗುವ ಹಾಗಿದ್ದರೆ ತೀರಾ ಬಡಕಲು. ಅಂಗೈ ಮೆತ್ತನೆ ಭಾಗ ಮುಟ್ಟಿದ ಹಾಗಿದ್ದರೆ ಕೊಬ್ಬು. ನಿಮ್ಮದು ಮೂರನೆಯದು ಅಂತ ನೋಡದೆ ಹೇಳುತ್ತೇನೆ. ಲ್ಯಾಬ್‌ಗಳ ಸೊಂಟದ ಕೀಲು ಮೊದಲೇ ದುರ್ಬಲ. ಬಿಸ್ಕತ್ತು, ತಿಂಡಿ ಪಾಲು ಇವತ್ತೇ ನಿಲ್ಲಿಸಿ. ಒಂದೇ ಸಲ ಓಡಿಸಬೇಡಿ, ಬೆಳಿಗ್ಗೆ ಸಂಜೆ ಸಣ್ಣ ನಡಿಗೆ. ಶಿವಮೊಗ್ಗದ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಅಂಗಳಕ್ಕೂ ಬಿಡಬೇಡಿ. ಚಿಕನ್ ಹಾಕುವಾಗ ಬೇಯಿಸಿದ ಮೂಳೆ ತೆಗೆಯಿರಿ, ಸೀಳಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ ಹಾಕಿದ ಸಾರೂ ಬೇಡ, ರಕ್ತ ಒಡೆಯುತ್ತದೆ.

ದರಗುಗುಡ್ಡೆ

ಮಜ್ಜಿಗೆ ಅನ್ನಕ್ಕೆ ಈಗ ಏನು ದೋಷ ಹೇಳುತ್ತೀರಿ, ಕೇಳೋಣ.

ಪಶುಕಾಲೇಜು_ಮೂರನೇವರ್ಷ

ದೋಷ ಇಲ್ಲ ಸಾರ್, ಸಾಲದು ಅಷ್ಟೇ. ವಾರಕ್ಕೆ ಎರಡು ಮೂರು ಮೊಟ್ಟೆ ಸೇರಿಸಿ. ಮನೆಯಲ್ಲಿ ಮೊಟ್ಟೆ ತರುವುದಿಲ್ಲ ಅಂದರೆ ಪೇಟೆಯಲ್ಲಿ ಸಿಗುವ ನಾಯಿ ಆಹಾರ ಸ್ವಲ್ಪ ಬೆರೆಸಿ.

ಉಂಬಳಕ್ಕೆಉಪ್ಪು

ತೋಟದವರಿಗೆ ಒಂದು ಮಾತು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ದಿನ ನಾಯಿ ಕಟ್ಟಿ. ಮೈಲುತುತ್ತದ ಡ್ರಮ್ಮಿನಿಂದ ನೀರು ಕುಡಿದು ನಮ್ಮ ಪಕ್ಕದ ಮನೆ ನಾಯಿ ನೀಲಿ ವಾಂತಿ ಮಾಡಿತ್ತು. ಇಲಿ ಪಾಷಾಣ ಇಡುವವರಿಗೂ ಅದೇ ಮಾತು.

ಕೊನೆಗೌಡ

ಕಟ್ಟುವುದೋ ಬಿಡುವುದೋ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಲೆಕ್ಕ ಹೀಗೆ. ಹಗಲು ಬಿಡಿ, ಕತ್ತಲಾದ ಮೇಲೆ ಒಳಗೆ. ನಮ್ಮಲ್ಲಿ ಮೂರು ವರ್ಷದಲ್ಲಿ ಎರಡು ನಾಯಿ ಕುರ್ಕನ (ಚಿರತೆಯ) ಪಾಲಾಯಿತು. ಎರಡೂ ಜಗುಲಿಯಿಂದಲೇ. ಸದ್ದೂ ಇಲ್ಲ, ಬೆಳಿಗ್ಗೆ ಸರಪಳಿ ಮಾತ್ರ. ಹೊರಗೆ ಕಟ್ಟಿ ಹಾಕುವುದು ಅಂದರೆ ಕುರ್ಕನಿಗೆ ಎಲೆ ಹಾಕಿ ಬಡಿಸಿದ ಹಾಗೆ. ಈಗ ಕೊಟ್ಟಿಗೆ ಪಕ್ಕ ಕಬ್ಬಿಣದ ಜಾಲರಿ ಗೂಡು ಮಾಡಿಸಿದ್ದೇನೆ.

ಕ್ಯಾಸನೂರಿನ_ಹತ್ತಿರ

ಹಂದಿಗೆ ಇಟ್ಟ ಉರುಳಿಗೂ ನಾಯಿಗಳು ಬೀಳುತ್ತವೆ. ರಾತ್ರಿ ಬಿಡದಿರುವುದೇ ವಾಸಿ.

ದರಗುಗುಡ್ಡೆ

ರಾತ್ರಿ ಗೂಡಿನಲ್ಲಿಟ್ಟರೆ ಹಂದಿ ಓಡಿಸುವವರು ಯಾರು? ನೀವು ಬರುತ್ತೀರಾ?

ಕೊನೆಗೌಡ

ಗೂಡಿನಿಂದ ಕೂಗಿದರೂ ಹಂದಿಗೆ ಕೇಳುತ್ತದೆ ಮಾರಾಯ್ರೆ. ನಾನು ಎದ್ದು ಟಾರ್ಚ್ ಬಿಡುತ್ತೇನೆ.

ಆಗುಂಬೆರಸ್ತೆ

ಈಗಷ್ಟೇ ಮನೆಗೆ ಬಂದೆವು. ಎರ್ಲಿಕಿಯಾ ಅಂತಲೇ ಹೇಳಿದರು. ಪ್ಲೇಟ್‌ಲೆಟ್ ತುಂಬ ಇಳಿದಿದೆ, ಆದರೆ ಬೇಗ ತಂದಿದ್ದೀರಿ ಅಂದರು. ಬಬೇಸಿಯಾ ಕಾಣಲಿಲ್ಲವಂತೆ. ಡ್ರಿಪ್ ಹಾಕಿದರು. ಮಾತ್ರೆ 28 ದಿನಕ್ಕೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ 28 ಚೌಕಕ್ಕೂ ಪೆನ್ಸಿಲ್ ಗುರುತು ಹಾಕಿದ್ದೇನೆ. ಜ್ವರ ಇಳಿದ ಮೇಲೆ ಉಣುಗಿನ ಮಾತ್ರೆ ಶುರು ಮಾಡಲು ಹೇಳಿದ್ದಾರೆ. ಒಂದಕ್ಕೇ ನೂರಾರು ರೂಪಾಯಿ, ಆದರೆ ಮೂರು ತಿಂಗಳು ಬರುವುದೂ ಇದೆಯಂತೆ.

ನಿವೃತ್ತ_ಗೋಡಾಕ್ಟ್ರು

ಒಳ್ಳೆಯದಾಯಿತು. ಆ ಮಾತ್ರೆ ಕೊಡುವ ಮುಂಚೆ ಅವಳಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಅವರಿಗೆ ಹೇಳಿ. ಇನ್ನೊಂದು ವಿಷಯ, ಮಾತ್ರೆ ಕೊಟ್ಟರೂ ಉಣುಗು ಹತ್ತುತ್ತದೆ. ಕಚ್ಚಿದ ಮೇಲೆ ಸಾಯುವುದು. ಹಾಗಾಗಿ ಸಂಜೆ ಕೈಯಾಡಿಸುವುದನ್ನು ಬಿಡಬೇಡಿ.

ಆಗುಂಬೆರಸ್ತೆ

ನಾಲ್ಕನೇ ದಿನದ ಸುದ್ದಿ. ನಿನ್ನೆ ರಾತ್ರಿ ಗಂಜಿ ಕುಡಿದಳು, ಇವತ್ತು ಬೆಳಿಗ್ಗೆ ಮೊಟ್ಟೆ ತಿಂದಳು. ಬೆರಳ ಸಂದಿ ಅಂದಿದ್ದರಲ್ಲ, ನೋಡಿದರೆ ಹಿಂಗಾಲೊಂದರಲ್ಲೇ ಏಳು! ಅಪ್ಪ ಟಾರ್ಚ್ ಹಿಡಿದು ಕೂತಿದ್ದರು. "ಅಲ್ಲಿ ಇನ್ನೊಂದು, ನಿನ್ನ ಕಣ್ಣಿಗೆ ಏನಾಗಿದೆ" ಅಂತ ನನಗೇ ಬೈಗುಳ. ಗೋಣಿಚೀಲ ಸುಟ್ಟಾಯಿತು. ಬಚ್ಚಲ ಗೋಡೆಗೆ ಗಾರೆ ಹಾಕಲು ಆಳು ಸಿಗಬೇಕು, ಅಡಿಕೆ ಕೊನೆ ಕೊಯ್ಲು ಶುರುವಾಗಿದೆ.

ದರಗುಗುಡ್ಡೆ

ಆ ಮೂರು ತಿಂಗಳ ಮಾತ್ರೆ ಯಾವ ಅಳತೆಯದು ಬೇಕು ಅಂತ ಹೇಗೆ ತಿಳಿಯುವುದು? ಸುಮ್ನೆ ಕೇಳಿದೆ.

ಪಶುಕಾಲೇಜು_ಮೂರನೇವರ್ಷ

ತೂಕದ ಮೇಲೆ ಸಾರ್. ಮನೆಯಲ್ಲಿ ಅಡಿಕೆ ತಕ್ಕಡಿ ಇದೆಯಲ್ಲ? ನಾಯಿಯನ್ನು ಎತ್ತಿಕೊಂಡು ನೀವು ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಆ ತೂಕ ಹೇಳಿ ಡಾಕ್ಟ್ರ ಚೀಟಿ ತಗೊಳ್ಳಿ.

ದರಗುಗುಡ್ಡೆ

ನಮ್ಮವನು ಎತ್ತಿಕೊಳ್ಳಲು ಬಿಡುವುದಿಲ್ಲ. ಅಡಿಕೆ ಚೀಲದೊಳಗೆ ದೋಸೆ ಹಾಕಿ ನೋಡುತ್ತೇನೆ.